ಹದಿನೇಳು ಜನರ ಕಣ್ಣು

ನಮ್ಮ ಬಳಗದ ಸ್ಮರಣ ಸಂಚಿಕೆಯ ಮುಖಪುಟಕ್ಕೆ ಕುಂಕುಮದ ಬಣ್ಣವಿರಲೆಂದು ನಾವು ನಿಶ್ಚಯಿಸಿದ್ದೆವು. ಅದು ಒಬ್ಬರ ಮಾನಿಟರಿನಲ್ಲಿ ಕುಂಕುಮವಾಗಿಯೂ ಇನ್ನೊಬ್ಬರದರಲ್ಲಿ ಕಿತ್ತಳೆಯಾಗಿಯೂ ಕಂಡಿತು. ಅಚ್ಚಾಗಿ ಬಂದಾಗ ಇಟ್ಟಿಗೆಯ ಪುಡಿಯಂತಿತ್ತು. ಮಾನಿಟರಿನ ಬಣ್ಣವನ್ನು ಅಳೆದು ಸರಿಪಡಿಸುವ ಉಪಕರಣವೊಂದನ್ನು ಕೊಳ್ಳಲು ಹೊರಟ ನಮಗೆ ಬೆಲೆಗಿಂತ ಮೊದಲು ಎದುರಾದ ಪ್ರಶ್ನೆ ಬೇರೆ: ಸರಿಯಾದ ಬಣ್ಣ ಯಾವುದೆಂದು ಆ ಉಪಕರಣಕ್ಕೆ ಕಲಿಸಿದವರು ಯಾರು?

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೋಸೆಫ್ ಲೊವಿಬಾಂಡ್ ಎಂಬ ಇಂಗ್ಲೆಂಡಿನ ಬಿಯರ್ ತಯಾರಕ, ಬಣ್ಣದ ಗಾಜಿನ ತುಣುಕುಗಳೊಡನೆ ಹೋಲಿಸಿ ಬಿಯರಿನ ಬಣ್ಣವನ್ನು ಅಳೆಯುವ ಸಾಧನವನ್ನು ರೂಪಿಸಿದ. ಆದರೆ ತೀರ್ಪು ಕೊಡುತ್ತಿದ್ದುದು ನೋಡುವವನ ಕಣ್ಣೇ. ಆ ಕಣ್ಣನ್ನೇ ಅಂಕಿಗಳಿಗೆ ಇಳಿಸುವ ಕೆಲಸ 1920ರ ದಶಕದಲ್ಲಿ ನಡೆಯಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಡೇವಿಡ್ ರೈಟ್ ಹತ್ತು ಜನರನ್ನೂ, ಟೆಡಿಂಗ್ಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಜಾನ್ ಗಿಲ್ಡ್ ಏಳು ಜನರನ್ನೂ ಪರೀಕ್ಷಿಸಿದರು. ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸಿ, ಎದುರಿಗಿದ್ದ ಒಂದೇ ತರಂಗಾಂತರದ ಬೆಳಕಿಗೆ ಸರಿಹೊಂದಿಸುವುದು ಆ ಜನರ ಕೆಲಸ. ಬೇರೆ ಬೇರೆ ಯಂತ್ರಗಳಲ್ಲಿ ನಡೆದ ಎರಡು ಪ್ರಯೋಗಗಳ ಫಲಿತಾಂಶಗಳೂ ಬಹುಮಟ್ಟಿಗೆ ಹೊಂದಿದವು. 1931ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ದೀಪನ ಆಯೋಗವು ಅವುಗಳ ಆಧಾರದ ಮೇಲೆ ಒಬ್ಬ 'ಪ್ರಮಾಣ ವೀಕ್ಷಕ'ನನ್ನು ಅಂಗೀಕರಿಸಿತು. ಹದಿನೇಳು ಜನರ ಕಣ್ಣುಗಳಿಂದ ಹುಟ್ಟಿದ ಈ ಕಾಲ್ಪನಿಕ ಕಣ್ಣನ್ನೇ ಮಾನಿಟರ್ ಅಳೆಯುವ ಉಪಕರಣಗಳು ಇಂದಿಗೂ ಸಾಮಾನ್ಯವಾಗಿ ನೆಚ್ಚಿಕೊಂಡಿವೆ.

ನಮ್ಮ ಮುಂದಿದ್ದ ಎರಡು ಬಗೆಯ ಉಪಕರಣಗಳ ಭೇದವೂ ಇಲ್ಲಿಂದಲೇ ತಿಳಿಯುತ್ತದೆ. ಕಲರಿಮೀಟರ್ ಬಣ್ಣದ ಶೋಧಕಗಳ ಮೂಲಕ ಆ ಕಣ್ಣನ್ನು ಅನುಕರಿಸುತ್ತದೆ. ಬೆಲೆ ಕಡಿಮೆ, ಕೆಲಸ ಚುರುಕು, ಕಡುಛಾಯೆಗಳನ್ನೂ ಚೆನ್ನಾಗಿ ಅಳೆಯುತ್ತದೆ. ಆದರೆ ಅನುಕರಣೆ ಎಂದೂ ಪೂರ್ಣವಲ್ಲ. ಆದ್ದರಿಂದ ಎಲ್‌ಇಡಿ, ಓಎಲ್‌ಇಡಿ ಮೊದಲಾದ ಒಂದೊಂದು ಬಗೆಯ ಪರದೆಗೂ ತಕ್ಕ ತಿದ್ದುಪಡಿ ಬೇಕು. ಶೋಧಕಗಳು ಹಳತಾದಂತೆ ಅಳತೆಯೂ ಜಾರಬಹುದು. ಸ್ಪೆಕ್ಟ್ರೋಫೋಟೋಮೀಟರ್ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ, ಅನಂತರ 1931ರ ಕೋಷ್ಟಕದಿಂದ ಬಣ್ಣವನ್ನು ಲೆಕ್ಕಹಾಕುತ್ತದೆ. ಪರದೆ ಯಾವ ಬಗೆಯದಾದರೂ ಅದಕ್ಕೆ ತೊಡಕಿಲ್ಲ, ಕಾಗದವನ್ನು ಅಳೆಯುವ ಮಾದರಿಗಳೂ ಉಂಟು. ಆದರೆ ದುಬಾರಿ, ಕಡುಛಾಯೆಗಳಲ್ಲಿ ತುಸು ದುರ್ಬಲ.

ವರ್ಷಕ್ಕೊಂದು ಸಂಚಿಕೆ ತರುವ ಬಳಗ ನಮ್ಮದು. ತಿದ್ದುಪಡಿಯ ಸೌಲಭ್ಯವುಳ್ಳ ಕಲರಿಮೀಟರನ್ನೇ ಆರಿಸಿಕೊಂಡೆವು. ಅದು ಪರದೆಯನ್ನಷ್ಟೇ ಬಲ್ಲದು. ಆದ್ದರಿಂದ ಅಚ್ಚಿಗೆ ಮೊದಲು ಕಾಗದದ ಮೇಲೊಂದು ಮಾದರಿ ಪ್ರತಿ ತೆಗೆಸುವುದೆಂದೂ ಗೊತ್ತುಮಾಡಿಕೊಂಡೆವು.

ಈಗ ನಮ್ಮ ಮಾನಿಟರುಗಳಲ್ಲಿ ಮುಖಪುಟ ಬಹುತೇಕ ಒಂದೇ ಬಣ್ಣದಲ್ಲಿ ಕಾಣುತ್ತದೆ. ಅದು ಕುಂಕುಮದ ಬಣ್ಣ ಹೌದೋ ಅಲ್ಲವೋ ಎಂಬ ಚರ್ಚೆ ಮಾತ್ರ ಮುಗಿದಿಲ್ಲ. ಕಳೆದ ಸಭೆಗೆ ಹಿರಿಯರೊಬ್ಬರು ಮನೆಯಿಂದ ಕುಂಕುಮದ ಭರಣಿಯನ್ನೇ ತಂದು ಮಾದರಿ ಪ್ರತಿಯ ಪಕ್ಕದಲ್ಲಿಟ್ಟರು. ಆ ಹದಿನೇಳು ಜನರನ್ನು ಯಾರೂ ಕೇಳಿರದ ಪ್ರಶ್ನೆ ಅದು. ಉತ್ತರವನ್ನು ನಾವೇ ಹೇಳಬೇಕಾಯಿತು.