ಅಂಚಿನಲ್ಲಿ ನಿಂತವರ ಲೆನ್ಸು

ನಮ್ಮ ಕಸುಬಿನಲ್ಲಿ ವೈಡ್ ಜೂಮ್ ಎಂಬ ಪ್ರಶ್ನೆ ಹುಟ್ಟಿದ್ದೇ ಡಿಜಿಟಲ್ ಬಂದ ಮೇಲೆ. ರೋಲ್ ಹಾಕಿ ಮದುವೆ ತೆಗೆಯುತ್ತಿದ್ದ ಕಾಲದಲ್ಲಿ ಹಾಸನದಂಥ ಊರಿನ ಸ್ಟುಡಿಯೊಗೆ ಒಂದು 50 ಮಿ.ಮೀ. ಲೆನ್ಸು, ಅಗಲಕ್ಕೆ ಒಂದು 28 ಇದ್ದರೆ ಸಾಕಿತ್ತು. ಚಿಕ್ಕಪ್ಪನ ಕೈಕೆಳಗೆ ನಾನು ಕೆಲಸ ಕಲಿತದ್ದು ಆ 28ರಲ್ಲೇ. ಛತ್ರದ ವೇದಿಕೆ ಮೇಲೆ ಎರಡೂ ಕಡೆಯ ಬೀಗರನ್ನು ನಿಲ್ಲಿಸಿದರೂ ಅದು ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. “ಮೊದಲು ಅಂಚಿನವರನ್ನು ನೋಡಪ್ಪ, ಆಮೇಲೆ ಹೆಣ್ಣು-ಗಂಡು” ಎನ್ನುತ್ತಿದ್ದರು ಅವರು. ಆಲ್ಬಂ ಬಂದಾಗ ತಮ್ಮ ಮುಖವನ್ನು ಹುಡುಕುವವರು ಅಂಚಿನಲ್ಲಿ ನಿಂತವರೇ.

ಕನ್ನಡಿ ಇರುವ ಕ್ಯಾಮೆರಾಗೆ ಅಗಲದ ಲೆನ್ಸು ಮಾಡುವುದು ಮೊದಲಿನಿಂದಲೂ ಕಷ್ಟದ ಕೆಲಸ. ನಿಕಾನ್ ಬಾಡಿಯಲ್ಲಿ ಲೆನ್ಸು ಕೂರುವ ಬಳೆಗೂ ಫಿಲ್ಮಿಗೂ ನಡುವೆ 46.5 ಮಿ.ಮೀ. ಅಂತರ. ಕನ್ನಡಿ ಏಳುವುದು ಬೀಳುವುದು ಆ ಜಾಗದಲ್ಲೇ. 20 ಮಿ.ಮೀ. ಲೆನ್ಸಿನ ಗಾಜು ಫಿಲ್ಮಿನ ಹತ್ತಿರಕ್ಕೆ ಹೋಗಬೇಕು, ಕನ್ನಡಿ ಬಿಡುವುದಿಲ್ಲ. ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ ತಮ್ಮ 35 ಮಿ.ಮೀ. ಲೆನ್ಸಿನಲ್ಲಿ ಇದಕ್ಕೊಂದು ದಾರಿ ತೋರಿಸಿದರು: ಮುಂದೆ ದೊಡ್ಡದೊಂದು ನಿಮ್ನ ಮಸೂರ, ಹಿಂದೆ ಬೆಳಕನ್ನು ಕೂಡಿಸುವ ಮಸೂರಗಳ ಗುಂಪು. ಆದರೆ ಹಿಂದು-ಮುಂದು ಸಮನಾಗಿಲ್ಲದ ಈ ಜೋಡಣೆಯಲ್ಲಿ ನೇರ ಗೆರೆ ಬಾಗುತ್ತದೆ, ಅಂಚಿನಲ್ಲಿ ಬಣ್ಣ ಒಡೆಯುತ್ತದೆ. ಗೆರೆಯ ಬಾಗನ್ನು ತಿದ್ದಲು ಗೋಲಾಕಾರವಲ್ಲದ, ಅರೆಯಲು ಬಲು ಶ್ರಮ ಬೇಡುವ ಗಾಜು ಬೇಕು. ವೈಡ್ ಲೆನ್ಸಿನ ಬೆಲೆ ಏರುವುದು ಇಲ್ಲಿಂದ.

ಅದನ್ನೇ ಜೂಮ್ ಮಾಡುವುದು ಇನ್ನೂ ತೊಡಕು. ನಿಕಾನ್ 1975ರಲ್ಲಿ ತಂದ 28–45 ಜೂಮ್‌ನ ಅಪರ್ಚರ್ ಬರೀ 4.5. 1989ರಲ್ಲಿ ಕ್ಯಾನನ್ 20–35 ಎಫ್2.8 ಬಂತು, 1993ರಲ್ಲಿ ನಿಕಾನಿನ 20–35, 1999ರಲ್ಲಿ ಅದರ 17–35. ಇವೆಲ್ಲ ಸುದ್ದಿಮನೆಯವರ ಕೈಗೆ ತಕ್ಕ ಲೆನ್ಸುಗಳು. ನಮಗೆ ಕ್ಯಾಟಲಾಗಿನಲ್ಲಿ ನೋಡಿದ್ದಷ್ಟೆ.

ಆಮೇಲೆ 2003ರಲ್ಲಿ ಕ್ಯಾನನ್ 300ಡಿ, 2004ರಲ್ಲಿ ನಿಕಾನ್ ಡಿ70 ಬಂದವು. ಸ್ಟುಡಿಯೊಗಳು ಸಾಲ ಮಾಡಿ ಡಿಜಿಟಲ್‌ಗೆ ತಿರುಗಿದವು. ಈ ಬಾಡಿಗಳ ಸೆನ್ಸರ್ ಫಿಲ್ಮಿಗಿಂತ ಚಿಕ್ಕದು. ಚಿಕ್ಕಪ್ಪನ 28ನ್ನು ನಿಕಾನ್ ಬಾಡಿಗೆ ಹಾಕಿದರೆ 42 ಮಿ.ಮೀ. ಲೆನ್ಸಿನಷ್ಟೇ ಕಾಣುತ್ತಿತ್ತು. ಗ್ರೂಪ್ ಫೋಟೊದಲ್ಲಿ ಎರಡೂ ತುದಿಯ ಬೀಗರು ಹೊರಗೆ! ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಊಟದ ಹಾಲ್‌ನ ಗೋಡೆ. ಬಾಡಿಯ ಜೊತೆ ಬರುವ 18ರ ಜೂಮ್ ಗ್ರೂಪ್ ಫೋಟೊವನ್ನು ಉಳಿಸಿತು. ಹಳೇ ಮನೆಯ ದೇವರ ಕೋಣೆಗೆ, ದೇವಸ್ಥಾನದ ಒಳಗಿಗೆ ಅದೂ ಸಾಲದು.

ನಿಕಾನ್ 2003ರಲ್ಲೇ 12–24 ಎಫ್4 ತಂದಿತ್ತು. 99 ಡಿಗ್ರಿ ನೋಟ, ಬೆಲೆ ಮಾತ್ರ ನಮ್ಮ ಕೈಗೆ ಎಟುಕದ್ದು. ಮರುವರ್ಷವೇ ಟೋಕಿನಾ ಅದೇ 12–24, ಅದೇ ಎಫ್4, ಹೆಚ್ಚುಕಡಿಮೆ ಅರ್ಧ ಬೆಲೆಗೆ ಕೊಟ್ಟಿತು. ಜಪಾನಿನ ಐಜು ಊರಿನಲ್ಲಿ ಕಾರ್ಖಾನೆ ಇಟ್ಟುಕೊಂಡಿರುವ ಸಿಗ್ಮಾ 2005ರಲ್ಲಿ 10–20 ತಂದಿತು. ಸಣ್ಣ ಊರಿನ ಸ್ಟುಡಿಯೊಗಳಿಗೆ ಈ ಎರಡು ವರ್ಷಗಳಲ್ಲಿ ಆದ ಉಪಕಾರವನ್ನು ಲೆನ್ಸಿನ ಇತಿಹಾಸ ಬರೆಯುವವರು ನೆನೆಯಬೇಕು. ಕಡಿಮೆ ಬೆಲೆಗೆ ತಕ್ಕ ಕೊರತೆಗಳೂ ಇದ್ದವು. ಟೋಕಿನಾ ಬಿಳಿ ಪಂಚೆಯ ಅಂಚಿಗೆ ನೇರಳೆ ಗೆರೆ ಎಳೆಯುತ್ತಿತ್ತು. ಅದರೊಳಗೆ ಮೋಟಾರ್ ಇರಲಿಲ್ಲ, ಹಾಗಾಗಿ ತನ್ನಲ್ಲೂ ಮೋಟಾರ್ ಇಲ್ಲದ 2006ರ ಅಗ್ಗದ ಡಿ40 ಬಾಡಿಗೆ ಹಾಕಿದರೆ ಫೋಕಸ್ ಕೈಯಿಂದಲೇ ಮಾಡಬೇಕು. ಉಳಿತಾಯದ ಲೆನ್ಸೂ ಉಳಿತಾಯದ ಬಾಡಿಯೂ ಒಂದಕ್ಕೊಂದು ಕೂಡಿಬರುತ್ತಿರಲಿಲ್ಲ.

ನಾವು ಪ್ರಿಂಟ್ ಹಾಕಿಸುವ ಬಗೆಯೂ ಆಗಲೇ ಬದಲಾಯಿತು, ಅದನ್ನು ಯಾರೂ ಹೇಳುವುದಿಲ್ಲ. 5×7 ಪ್ರಿಂಟಿನಲ್ಲಿ ಮೂಲೆಯ ಮಸುಕು ಕಣ್ಣಿಗೆ ಬೀಳುತ್ತಿರಲಿಲ್ಲ. ಕರಿಷ್ಮಾ ಆಲ್ಬಂ ಬಂದ ಮೇಲೆ ಎರಡು ಪುಟ ಬಿಡಿಸಿದರೆ ಒಂದೇ ಫೋಟೊ 12×36 ಇಂಚು. ಅಂಚಿನಲ್ಲಿ ನಿಂತ ಸೋದರತ್ತೆಯ ಮುಖ ಮಸುಕಾಗಿದ್ದರೆ ಈಗ ಮನೆಮಂದಿಗೆಲ್ಲ ಕಾಣುತ್ತದೆ.

ನಿಕಾನ್ 2007ರಲ್ಲಿ ತಂದ 14–24 ಎಫ್2.8ನ್ನೂ ಕ್ಯಾನನ್ 2014ರಲ್ಲಿ ಸುಮಾರು 300 ಡಾಲರಿಗೆ ಮಾರಿದ 10–18ನ್ನೂ ಪಕ್ಕಪಕ್ಕ ಇಡಿ. ಎರಡರಲ್ಲೂ 11 ಗುಂಪುಗಳಲ್ಲಿ 14 ಗಾಜುಗಳೇ. ಆದರೆ ಮೊದಲನೆಯದರ ತೂಕ ಒಂದು ಕೆ.ಜಿ.ಗೆ ಹತ್ತಿರ, ಎರಡನೆಯದು 240 ಗ್ರಾಂ. ಮೊದಲನೆಯದರ ಬೆಲೆ ಐದು ಪಟ್ಟಿಗೂ ಮಿಗಿಲು. ದೊಡ್ಡ ಸೆನ್ಸರನ್ನು ತುಂಬುವ ಗಾಜು ದೊಡ್ಡದಿರಬೇಕು, ಅದಕ್ಕಷ್ಟು ದುಡ್ಡು. ಗೋಲಾಕಾರವಲ್ಲದ ಗಾಜು ಅದರಲ್ಲಿ ಮೂರು, ಇದರಲ್ಲಿ ಒಂದು. ಅಲ್ಲಿ ಕಬ್ಬಿಣ-ಹಿತ್ತಾಳೆಯಂಥ ಗಟ್ಟಿತನ, ಇಲ್ಲಿ ಬಾಡಿಗೆ ಕೂರುವ ಬಳೆಯೂ ಪ್ಲಾಸ್ಟಿಕ್. ಎಲ್ಲಕ್ಕಿಂತ ಮುಖ್ಯ ಅಪರ್ಚರ್. 10–18ರ ತುದಿಯಲ್ಲಿ ಅದು 5.6ಕ್ಕೆ ಇಳಿಯುತ್ತದೆ, ಅಂದರೆ 2.8ರ ಕಾಲು ಭಾಗ ಬೆಳಕು.

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಅನುಮತಿ ಪಡೆದು ಟ್ರೈಪಾಡ್ ಇಟ್ಟು ಎಫ್8ರಲ್ಲಿ ನಿಧಾನವಾಗಿ ತೆಗೆದರೆ ಕಡೆದ ಕಂಬಗಳೂ ಚಾವಣಿಯ ಭುವನೇಶ್ವರಿಯೂ ಅಗ್ಗದ ಲೆನ್ಸಿನಲ್ಲೂ ಸೊಗಸಾಗಿ ಬರುತ್ತವೆ. ಬಾಗಿದ ಗೆರೆಯನ್ನು ಕಂಪ್ಯೂಟರ್ ನೆಟ್ಟಗೆ ಮಾಡುತ್ತದೆ. ಜಾಲಂಧ್ರಗಳಿಂದ ನುಗ್ಗುವ ಬಿಸಿಲಿಗೆ ಎದುರಾದಾಗ ಮಾತ್ರ ದುಬಾರಿ ಲೇಪನದ ಗಾಜು ಕಪ್ಪನ್ನು ಕಪ್ಪಾಗಿಯೇ ಉಳಿಸುತ್ತದೆ. ಅಗ್ಗದ್ದರಲ್ಲಿ ಇಡೀ ಕಂಬದ ಮೇಲೆ ಮಂಜು ಕವಿದಂತಾಗುತ್ತದೆ.

ಧಾರೆಯ ಹೊತ್ತಿನಲ್ಲಿ ಟ್ರೈಪಾಡ್ ಇಡಲಾಗದು. ಹೋಮದ ಹೊಗೆಗೆ ಫ್ಲ್ಯಾಶ್ ಹೊಡೆದರೆ ಎಲ್ಲ ಬಿಳಿ. ಅಲ್ಲಿ 2.8 ಬೇಕೇ ಬೇಕು. ಹಾಗೆಂದು ದುಡ್ಡು ಸುರಿದರೂ ಪರಿಹಾರವಾಗದ್ದು ಒಂದಿದೆ: 14ರಲ್ಲಿ ಗ್ರೂಪ್ ತೆಗೆದರೆ ಅಂಚಿನವರ ಮುಖ ಅಡ್ಡಡ್ಡ ಹಿಗ್ಗುತ್ತದೆ. ಅದು ಗಾಜಿನ ದೋಷವಲ್ಲ, ಅಷ್ಟು ಅಗಲದ ನೋಟವನ್ನು ಚಪ್ಪಟೆ ಕಾಗದಕ್ಕೆ ಇಳಿಸಿದಾಗ ಆಗುವುದೇ ಹಾಗೆ. ಜೂಮನ್ನು 24ಕ್ಕೆ ತಿರುಗಿಸಿ ಎರಡು ಹೆಜ್ಜೆ ಹಿಂದೆ ಬರಬೇಕು.

ಈಗ ಕನ್ನಡಿಯೇ ಹೋಗಿದೆ. ನಿಕಾನಿನ ಹೊಸ ಬಾಡಿಗಳಲ್ಲಿ ಆ 46.5 ಮಿ.ಮೀ. 16ಕ್ಕೆ ಇಳಿದಿದೆ. 2020ರ 14–24 ಎಫ್2.8 ತೂಗುವುದು 650 ಗ್ರಾಂ. ಅಗ್ಗದ ಲೆನ್ಸುಗಳ ಗೆರೆ ತಿದ್ದುವ ಕೆಲಸವನ್ನು ಕ್ಯಾಮೆರಾವೇ ಮಾಡುತ್ತದೆ. ಹೊಸದಾಗಿ ಕಸುಬಿಗೆ ಬಂದ ಹುಡುಗರು “ಯಾವುದು ತಗೊಳ್ಳಲಿ, ಅಣ್ಣ?” ಎಂದರೆ ಏನು ತೆಗೆಯುತ್ತೀಯ ಎಂದು ಮೊದಲು ಕೇಳುತ್ತೇನೆ. ಮನೆ, ಹೋಟೆಲ್, ದೇವಸ್ಥಾನ ಎಂದವರಿಗೆ ಅಗ್ಗದ್ದನ್ನೇ ಕೊಳ್ಳಿ, ಉಳಿದ ದುಡ್ಡಲ್ಲಿ ಒಳ್ಳೆಯ ಟ್ರೈಪಾಡ್ ತನ್ನಿ ಎನ್ನುತ್ತೇನೆ. ಮದುವೆ ಎಂದವರಿಗೆ, ಎರಡು ಮುಹೂರ್ತಕ್ಕೆ 2.8ನ್ನು ಬಾಡಿಗೆಗೆ ತಂದು ನೋಡಿ, ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಾದರೂ ಸರಿ, ಅದನ್ನೇ ಕೊಳ್ಳಿ ಎನ್ನುತ್ತೇನೆ.