ಎಎಂಸಿ ಜಗಳದ ಅರ್ಧ ಶತಮಾನ

ಬೂವನಹಳ್ಳಿ ಸುತ್ತಿನ ಸಹಕಾರ ಸಂಘವಾಗಲಿ, ಹಾಸನದ ಕಾಫಿ ವ್ಯಾಪಾರಿಯಾಗಲಿ, ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರಿಗೆಲ್ಲ ‘ಎಎಂಸಿ’ ಗೊತ್ತು. ತಂತ್ರಾಂಶಕ್ಕೆ ದುಡ್ಡು ಕೊಟ್ಟ ಮೇಲೂ ವರ್ಷ ವರ್ಷ ಬರುವ ನಿರ್ವಹಣಾ ಬಿಲ್ಲು ಅದು. ಜಗಳ ಶುರುವಾಗುವುದು ಮೊತ್ತದಿಂದ. ಅದು ಬೇಗ ಮುಗಿಯದಿರುವುದಕ್ಕೆ ಕಾರಣ ಬೇರೆ: ಸೇವೆ ಸರಿಯಿಲ್ಲದಿದ್ದರೂ ಗ್ರಾಹಕ ಕೈಬಿಟ್ಟು ಹೋಗಲಾರ.

ಮೊದಲು ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆಯೇ ಇರಲಿಲ್ಲ; ಯಂತ್ರದ ಬಾಡಿಗೆಯಲ್ಲೇ ಎಲ್ಲವೂ ಸೇರಿರುತ್ತಿತ್ತು. 1969ರಲ್ಲಿ ಐಬಿಎಂ ಎರಡನ್ನೂ ಬೇರ್ಪಡಿಸಿತು. ಒಂಬತ್ತು ವರ್ಷಗಳ ನಂತರ, ವಿದೇಶಿ ಪಾಲು ಇಳಿಸಲು ಒಪ್ಪದೆ ಆ ಕಂಪನಿ ಭಾರತವನ್ನೇ ಬಿಟ್ಟಿತು. ಅದು ಬಿಟ್ಟುಹೋದ ಯಂತ್ರಗಳನ್ನು ನೋಡಿಕೊಂಡದ್ದು ಸರ್ಕಾರಿ ಕಂಪನಿ ಸಿಎಂಸಿ. ತಯಾರಕನಿಲ್ಲದೆಯೂ ನಿರ್ವಹಣೆ ಸಾಧ್ಯ ಎಂಬುದನ್ನು ನಮ್ಮ ಎಂಜಿನಿಯರುಗಳು ಆಗಲೇ ತೋರಿಸಿದ್ದರು. ಇದನ್ನು ನಾವು ತೀರಾ ಕಡಿಮೆ ನೆನೆಯುತ್ತೇವೆ.

ದೊಡ್ಡ ಬಂಡಾಯ ನಡೆದದ್ದು 2008ರಲ್ಲಿ. ಜರ್ಮನಿಯ ತಂತ್ರಾಂಶ ಕಂಪನಿ ಎಸ್‌ಎಪಿ ತನ್ನ ವಾರ್ಷಿಕ ಶುಲ್ಕವನ್ನು ಪರವಾನಗಿ ಬೆಲೆಯ ಶೇ. 17ರಿಂದ ಹಂತಹಂತವಾಗಿ ಶೇ. 22ಕ್ಕೆ ಏರಿಸಲು ಹೊರಟಿತು. ಶೇ. 22 ಎಂದರೆ ನಾಲ್ಕೂವರೆ ವರ್ಷದಲ್ಲಿ ತಂತ್ರಾಂಶವನ್ನು ಮತ್ತೊಮ್ಮೆ ಕೊಂಡಂತೆ. ದೇಶದೇಶಗಳ ಬಳಕೆದಾರ ಸಂಘಗಳು ಒಟ್ಟಾಗಿ ನಿಂತವು. 2010ರ ಜನವರಿಯಲ್ಲಿ ಕಂಪನಿ ಮಣಿದು, ಕಡಿಮೆ ದರದ ಸೇವೆಯ ಆಯ್ಕೆಯನ್ನೂ ಮರಳಿ ಕೊಟ್ಟಿತು. ಒಬ್ಬೊಬ್ಬರೇ ಪತ್ರ ಬರೆದಿದ್ದರೆ ಇದು ಆಗುತ್ತಿರಲಿಲ್ಲ.

ಮೂರನೆಯವರಿಂದ ಸೇವೆ ಪಡೆಯುವ ದಾರಿ ಕೋರ್ಟು ಹತ್ತಿತು. ತಂತ್ರಾಂಶ ಕಂಪನಿ ಒರಾಕಲ್‌ನ ಗ್ರಾಹಕರಿಗೆ ಸೇವೆ ಕೊಡುತ್ತಿದ್ದ ಎಸ್‌ಎಪಿ ಅಂಗಸಂಸ್ಥೆ ಟುಮಾರೋನೌ ಪ್ರಕರಣದಲ್ಲಿ ಒರಾಕಲ್‌ಗೆ ಅಮೆರಿಕದ ಜ್ಯೂರಿ 2010ರಲ್ಲಿ 130 ಕೋಟಿ ಡಾಲರ್ ಪರಿಹಾರ ಹೇಳಿತು. ಕಡೆಗೆ 2014ರಲ್ಲಿ ಸುಮಾರು 35.7 ಕೋಟಿ ಡಾಲರಿಗೆ ರಾಜಿಯಾಯಿತು. ಅಂಥದೇ ಸೇವೆ ಕೊಡುವ ರಿಮಿನಿ ಸ್ಟ್ರೀಟ್ ಮೇಲೆ ಒರಾಕಲ್ ಹೂಡಿದ ದಾವೆ ಹದಿನೈದು ವರ್ಷ ಎಳೆಯಿತು. ಮೂರನೆಯವರು ಸೇವೆ ಕೊಡುವುದೇ ತಪ್ಪೆಂದು ಅಲ್ಲಿ ತೀರ್ಪಾಗಲಿಲ್ಲ. ಒಬ್ಬ ಗ್ರಾಹಕನ ಪ್ರತಿಯನ್ನು ಇನ್ನೊಬ್ಬನ ಕೆಲಸಕ್ಕೆ ಬಳಸಿದ್ದು ತಪ್ಪಾಯಿತು.

ಹಾಸನದ ವ್ಯಾಪಾರಿಯ ಕಷ್ಟ ಇನ್ನೂ ಹತ್ತಿರದ್ದು. ವಾಣಿಜ್ಯ ಉದ್ದೇಶದ ಸೇವೆಯನ್ನು 2003ರಿಂದ ಗ್ರಾಹಕ ಕಾನೂನಿನ ಹೊರಗಿಡಲಾಗಿದೆ. ಸ್ವಂತ ದುಡಿಮೆಯ ಜೀವನೋಪಾಯವೆಂದು ತೋರಿಸಿದವರಿಗೆ ಮಾತ್ರ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದೀತು. ವಾಣಿಜ್ಯ ನ್ಯಾಯಾಲಯಕ್ಕೆ ಹೋಗಲು ವ್ಯಾಜ್ಯದ ಮೊತ್ತ ಕನಿಷ್ಠ 3 ಲಕ್ಷ ರೂಪಾಯಿ ಇರಬೇಕು; ಸಣ್ಣ ಎಎಂಸಿ ಅಷ್ಟಾಗುವುದಿಲ್ಲ. ಒಪ್ಪಂದದ ಕೊನೆಯ ಪುಟದಲ್ಲಿ ‘ವ್ಯಾಜ್ಯಗಳು ಬೆಂಗಳೂರಿನ ನ್ಯಾಯಾಲಯದ ವ್ಯಾಪ್ತಿಗೆ’ ಎಂಬ ಸಾಲಿದ್ದರಂತೂ ಸಾಮಾನ್ಯವಾಗಿ ಅದೇ ಊರ್ಜಿತ. ಇಪ್ಪತ್ತು ಸಾವಿರದ ಬಿಲ್ಲಿಗಾಗಿ ಅಂಗಡಿ ಮುಚ್ಚಿ ಬೆಂಗಳೂರಿಗೆ ಅಲೆಯುವವರು ಯಾರು? ದುಡ್ಡು ಕಟ್ಟಿ ಸುಮ್ಮನಾಗುತ್ತಾರೆ. ಇದು ಅನ್ಯಾಯ, ಸಣ್ಣ ವ್ಯಾಪಾರಿಗಳಿಗೆ ಜಿಲ್ಲೆಯಲ್ಲೇ ಅಗ್ಗದ ಪರಿಹಾರ ವೇದಿಕೆ ಬೇಕು.

ಇನ್ನು ಸಹಕಾರ ಸಂಘಗಳ ಮಾತು. ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿದ 2,516 ಕೋಟಿ ರೂಪಾಯಿಯ ಯೋಜನೆ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶದಡಿ ತರಲು ಹೊರಟಿತು. ಪ್ರತಿ ಸಂಘವೂ ಒಂಟಿಯಾಗಿ ಚೌಕಾಸಿ ಮಾಡುವುದು ಇದರಿಂದ ತಪ್ಪೀತು. ಆದರೆ ಸದಸ್ಯರ ಷೇರು, ಅಸಲು, ಬಡ್ಡಿ, ಠೇವಣಿಗಳ ಲೆಕ್ಕ ಹಳೆಯ ತಂತ್ರಾಂಶದಲ್ಲಿದ್ದರೆ, ಅದನ್ನು ಹೊರತೆಗೆದು ಕೊಡಬೇಕಾದವನು ಹಳೆಯ ಮಾರಾಟಗಾರನೇ. ‘ಒಪ್ಪಂದ ಮುಗಿದ ಮೂವತ್ತು ದಿನದೊಳಗೆ ಪೂರ್ತಿ ದತ್ತಾಂಶವನ್ನು ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ, ಶುಲ್ಕವಿಲ್ಲದೆ ಕೊಡತಕ್ಕದ್ದು’ ಎಂಬ ಒಂದು ಸಾಲನ್ನು ಆಡಳಿತ ಮಂಡಳಿ ಸಹಿಗೆ ಮುಂಚೆಯೇ ಬರೆಸಿಕೊಳ್ಳಬೇಕು. ಸಹಿಯಾದ ಮೇಲೆ ಅದೇ ಸಾಲಿಗೆ ಮಾರಾಟಗಾರ ಬೆಲೆ ಕಟ್ಟುತ್ತಾನೆ.