ಕಾಗದದ ಮೇಲಿನ ಹಳಿಗಳು

ಹತ್ತಾರು ಊರುಗಳನ್ನು ಒಂದೇ ಸುತ್ತಿನಲ್ಲಿ ನೋಡಿಬರುವ ರೈಲು ಪ್ರವಾಸವನ್ನು ಉಗಿಯಂತ್ರದ ಕೊಡುಗೆ ಎನ್ನುವುದು ರೂಢಿ. ಯುರೋಪಿನ ಮಟ್ಟಿಗಾದರೂ ಆ ಶ್ರೇಯದ ದೊಡ್ಡ ಪಾಲು ಅಚ್ಚಾದ ಕಾಗದಕ್ಕೆ ಸಲ್ಲಬೇಕು. ಲಿವರ್‌ಪೂಲ್–ಮ್ಯಾಂಚೆಸ್ಟರ್ ನಡುವೆ ರೈಲು ಓಡಿದ್ದು 1830ರಲ್ಲಿ. ಬೇರೆ ಬೇರೆ ಕಂಪನಿಗಳ ಗಾಡಿಗಳ ವೇಳೆಯನ್ನು ಇಂಗ್ಲಿಷ್ ಮುದ್ರಕ ಜಾರ್ಜ್ ಬ್ರಾಡ್‌ಶಾ ಒಂದೆಡೆ ಮುದ್ರಿಸಿದ್ದು 1839ರಲ್ಲಿ. ಯುರೋಪ್ ಖಂಡದ ರೈಲುಗಳಿಗೆ ಅವನದೇ ಕೈಪಿಡಿ ಬಂದದ್ದು 1847ರಲ್ಲಿ. ಒಂದು ಗಾಡಿ ಇಳಿದು ಇನ್ನೊಂದನ್ನು ಹಿಡಿಯುವ ಲೆಕ್ಕವನ್ನು ಮನೆಯಲ್ಲೇ ಕೂತು ಹಾಕಲು ಸಾಧ್ಯವಾದದ್ದು ಆಮೇಲೆ.

1863ರ ಜೂನ್ ಕೊನೆಗೆ ಇಂಗ್ಲಿಷ್ ಪ್ರವಾಸ ಸಂಘಟಕ ಥಾಮಸ್ ಕುಕ್ ತನ್ನ ಮೊದಲ ಸ್ವಿಸ್ ತಂಡವನ್ನು ಲಂಡನ್ನಿನಿಂದ ಹೊರಡಿಸಿದ. ಆಲ್ಪ್ಸ್‌ನ ಎತ್ತರದ ದಾರಿಗಳಲ್ಲಿ ಹಿಮ ಕರಗಿರುವ ಹೊತ್ತು ಅದು. ಪ್ಯಾರಿಸ್, ಜಿನೀವಾ, ಶಮೋನಿ, ಇಂಟರ್‌ಲಾಕನ್, ಲೂಸರ್ನ್ ಎಲ್ಲವೂ ಆ ಸುತ್ತಿನಲ್ಲಿದ್ದವು. ಪರ್ವತಗಳ ನಡುವೆ ಅವರು ಸಾಗಿದ್ದು ಹೇಸರಗತ್ತೆ, ಕುದುರೆಗಾಡಿ, ದೋಣಿಗಳಲ್ಲಿ. ಎಷ್ಟೋ ಕಡೆ ನಡೆದೇ. ಇದನ್ನು ರೈಲು ಪ್ರವಾಸ ಎನ್ನಬಹುದೇ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಹಳಿ ಮುಗಿದಲ್ಲಿ ಯೋಜನೆ ಮುಗಿಯಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಅಂಥ ಯೋಜನೆಯಿಲ್ಲದೆಯೇ ಇಂಗ್ಲಿಷ್ ಶ್ರೀಮಂತರ ಮಕ್ಕಳು ರೈಲಿಗೂ ಮುಂಚೆ ಇಟಲಿಯವರೆಗೆ ಸುತ್ತುತ್ತಿರಲಿಲ್ಲವೇ? ಸುತ್ತುತ್ತಿದ್ದರು, ಕೈತುಂಬ ಹಣ ಹಿಡಿದು, ಎಷ್ಟೋ ಸಲ ವರ್ಷಗಟ್ಟಲೆ. ಕುದುರೆಗಾಡಿ ತಪ್ಪಿದರೆ ಅವರಿಗೆ ಹೋಗುತ್ತಿದ್ದದ್ದು ಒಂದು ದಿನ. ವೇಳಾಪಟ್ಟಿ ಬೇಕಾದದ್ದು ಎರಡು ಮೂರು ವಾರದ ರಜೆಯಷ್ಟೇ ಇದ್ದವರಿಗೆ.